ಸಿಡ್ನಿ ಹಿತ್ತಲಿನ ಕೆಂಪು ಬುಲ್ ಆಂಟ್: ಇದು ಯಾವ ಜಾತಿ, ಎಲ್ಲೆಲ್ಲಿ ಸಿಗುತ್ತದೆ?

ಕಿಟಕಿಪಕ್ಕ · ಸಿಡ್ನಿ

ನಮಸ್ಕಾರ ಎಲ್ಲರಿಗೂ. ಸಿಡ್ನಿಯ ಉತ್ತರ ತುದಿಗೆ ಮನೆ ಬದಲಾಯಿಸಿದ್ದೇವೆ. ಹಿತ್ತಲ ಬೇಲಿ ದಾಟಿದರೆ ನೀಲಗಿರಿ ಕಾಡು, ಮರಳುಗಲ್ಲು. ಬಟ್ಟೆ ಒಣಗಿಸುವ ಜಾಗದಲ್ಲಿ ದಿನಾ ದೊಡ್ಡ ಇರುವೆಗಳು ಓಡಾಡುತ್ತವೆ. ಸಾಲು ಇಲ್ಲ, ಗುಂಪು ಇಲ್ಲ, ಒಂದೊಂದೇ. ಉದ್ದ ಎರಡು ಸೆಂಟಿಮೀಟರ್ ಮೇಲೇ ಇದೆ. ತಲೆ, ಎದೆ, ಕಾಲು ಎಲ್ಲ ಇಟ್ಟಿಗೆ ಕೆಂಪು. ಹೊಟ್ಟೆಯ ಹಿಂದಿನ ಭಾಗ ಮಾತ್ರ ಕಪ್ಪು. ಮುಂದೆ ಹಳದಿ ಬಣ್ಣದ ಉದ್ದ ದವಡೆ.

ನನಗೆ ಗಾಬರಿ ಆಗಿದ್ದು ಬೇರೆ ಕಾರಣಕ್ಕೆ. ಹತ್ತಿರ ಹೋದರೆ ಅದು ಓಡುವುದಿಲ್ಲ. ನಿಂತು, ತಲೆ ಎತ್ತಿ, ನನ್ನ ಕಡೆ ತಿರುಗುತ್ತದೆ. ನಾನು ಎಡಕ್ಕೆ ಸರಿದರೆ ಅದೂ ಎಡಕ್ಕೆ ತಿರುಗುತ್ತದೆ. ದವಡೆ ಅಗಲಿಸಿಕೊಂಡು ಸ್ವಲ್ಪ ಮುಂದೆಯೂ ಬಂತು. ಇರುವೆ ಮನುಷ್ಯರನ್ನು ಅಟ್ಟಿಸಿಕೊಂಡು ಬರುವುದು ಅಂದರೇನು ಮಾರಾಯ್ರೇ!

ಪಕ್ಕದ ಮನೆಯವರು ಬುಲ್ ಆಂಟ್ ಅಂದರು. ನೆಟ್‌ನಲ್ಲಿ ಹುಡುಕಿದರೆ ಒಂದು ಫೋಟೋದಲ್ಲಿ ಕಪ್ಪು, ಇನ್ನೊಂದರಲ್ಲಿ ಕಂದು, ಮತ್ತೊಂದರಲ್ಲಿ ಕೆಂಪು. ಜೊತೆಗೆ ಜಗತ್ತಿನ ಅತಿ ಅಪಾಯಕಾರಿ ಇರುವೆ ಅಂತ ದೊಡ್ಡ ತಲೆಬರಹ. ಮನೆಯಲ್ಲಿ ಚಿಕ್ಕ ಮಗ ಇದ್ದಾನೆ, ಬರಿಗಾಲಲ್ಲೇ ತಿರುಗುತ್ತಾನೆ. ಇದು ಯಾವ ಜಾತಿ? ಎಷ್ಟು ಹೆದರಬೇಕು? ಗೂಡು ತೆಗೆಸಬೇಕಾ? ತಿಳಿದವರು ಹೇಳಿ.

ಗೊದ್ದ · ಬ್ರಿಸ್ಬೇನ್

ಮೇಡಂ, ನೀವು ಹೇಳಿದ ಬಣ್ಣ, ಅಳತೆ, ಜಾಗ ಮೂರೂ ಸೇರಿಸಿದರೆ ಇದು ಮಿರ್ಮೀಸಿಯಾ ಗುಲೋಸಾ ಅನ್ನಿಸುತ್ತದೆ. ಇಲ್ಲಿಯವರು ರೆಡ್ ಬುಲ್ ಆಂಟ್ ಅನ್ನುತ್ತಾರೆ. ಒಂದು ಫೋಟೋ ಹಾಕಿ, ಖಾತ್ರಿ ಮಾಡಿಕೊಳ್ಳೋಣ. ಜೂಮ್ ಮಾಡಿ ದೂರದಿಂದಲೇ ತೆಗೆಯಿರಿ, ಬಗ್ಗಬೇಡಿ.

ಫೋಟೋಗಳಲ್ಲಿ ಒಂದೊಂದು ಒಂದೊಂದು ಬಣ್ಣ ಯಾಕೆ ಅಂದರೆ, ಬುಲ್ ಆಂಟ್ ಅನ್ನೋದು ಒಂದೇ ಇರುವೆ ಅಲ್ಲ. ಮಿರ್ಮೀಸಿಯಾ ಅನ್ನುವ ಇಡೀ ಕುಲಕ್ಕೆ ಆ ಹೆಸರು. ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಜಾತಿಗಳಿವೆ. ಹತ್ತಿರಹತ್ತಿರ ಎಲ್ಲವೂ ಆಸ್ಟ್ರೇಲಿಯಾದವೇ. ಒಂದೇ ಒಂದು ಜಾತಿ ಮಾತ್ರ ಹೊರಗೆ, ಪೂರ್ವಕ್ಕೆ ಸಮುದ್ರದಾಚೆ ನ್ಯೂ ಕ್ಯಾಲಿಡೋನಿಯಾದಲ್ಲಿದೆ. ಅದರ ಹೆಸರು ಮಿರ್ಮೀಸಿಯಾ ಎಪಿಕಾಲಿಸ್. ಬೇರೆಲ್ಲೂ ಇಲ್ಲ.

ಗುಲೋಸಾ ಬಗ್ಗೆ ಹೇಳುವುದಾದರೆ, ಕೆಲಸಗಾರ ಇರುವೆಗಳು 14ರಿಂದ 26 ಮಿಲಿಮೀಟರ್ ತನಕ ಇರುತ್ತವೆ. ಒಂದೇ ಗೂಡಲ್ಲಿ ಚಿಕ್ಕದೂ ದೊಡ್ಡದೂ ಇರುವುದರಿಂದ, ಎರಡು ಬೇರೆ ಜಾತಿ ಅಂತ ಮೋಸ ಹೋಗಬೇಡಿ. ರಾಣಿ ಇನ್ನೂ ಸ್ವಲ್ಪ ದೊಡ್ಡದು. ಮೈ ಕೆಂಪು, ಹೊಟ್ಟೆಯ ಹಿಂಬದಿ ಕಪ್ಪು. ಕಾಲು, ಮೀಸೆ, ದವಡೆ ಸ್ವಲ್ಪ ಹಳದಿಗೆ ತಿರುಗಿದ ಕೆಂಪು. ಇರೋದು ಪೂರ್ವ ಆಸ್ಟ್ರೇಲಿಯಾದಲ್ಲಿ, ಮುಖ್ಯವಾಗಿ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್. ಸಿಡ್ನಿ ಸುತ್ತಲಿನ ಮರಳುಗಲ್ಲಿನ ಕಾಡು ಅದಕ್ಕೆ ಹೇಳಿ ಮಾಡಿಸಿದ ಜಾಗ. ನಿಮ್ಮ ಮನೆ ಅದರ ಹಳೆ ಬಡಾವಣೆ ಅಂದುಕೊಳ್ಳಿ.

ಹಳೆ ಬಡಾವಣೆ ಅಂದದ್ದು ಸುಮ್ನೆ ಅಲ್ಲ. ಯುರೋಪಿನವರು ಹೆಸರಿಟ್ಟ ಆಸ್ಟ್ರೇಲಿಯಾದ ಮೊದಮೊದಲ ಇರುವೆಗಳಲ್ಲಿ ಇದೂ ಒಂದು. 1770ರಲ್ಲಿ ಕುಕ್‌ನ ಹಡಗಿನಲ್ಲಿ ಬಂದ ಜೋಸೆಫ್ ಬ್ಯಾಂಕ್ಸ್ ಕೀಟಗಳನ್ನು ಕಟ್ಟಿಕೊಂಡು ಹೋಗಿದ್ದ. ಆ ಸಂಗ್ರಹ ನೋಡಿ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ 1775ರಲ್ಲಿ ಇದಕ್ಕೆ ಫಾರ್ಮೈಕಾ ಗುಲೋಸಾ ಅಂತ ಹೆಸರು ಕೊಟ್ಟ. ಮಿರ್ಮೀಸಿಯಾ ಅನ್ನುವ ಕುಲವನ್ನು ಬೇರೆ ಮಾಡಿದ್ದೂ ಅವನೇ, 1804ರಲ್ಲಿ.

ಮಲ್ನಾಡ್ ಗಾಳಿ · ತೀರ್ಥಹಳ್ಳಿ

ಎರಡೂವರೆ ಸೆಂಟಿಮೀಟರ್ ಇರುವೆಯಾ! ನಮ್ಮ ಗೊದ್ದವೇ ದೊಡ್ಡದು ಅಂದುಕೊಂಡಿದ್ದೆ. ಇಷ್ಟು ದೊಡ್ಡದು ಕಚ್ಚಿದರೆ ನಮ್ಮ ಚಗಳಿ ಕಚ್ಚಿದ ಹಾಗೇ ಉರಿಯುತ್ತದಾ? ಅಡಿಕೆ ತೋಟದಲ್ಲಿ, ಮಾವಿನ ಮರದಲ್ಲಿ ಚಗಳಿ ಕೈಲಿ ಕಚ್ಚಿಸಿಕೊಂಡು ಬೆಳೆದವರು ನಾವು. ಅಷ್ಟಕ್ಕೆಲ್ಲ ಹೆದರುವುದು ಬೇಡ ಅಕ್ಕ.

ಗೊದ್ದ · ಬ್ರಿಸ್ಬೇನ್

ಗಾಳಿ ಅಣ್ಣ, ಎರಡಕ್ಕೂ ಅಜಗಜಾಂತರ. ಚಗಳಿಗೆ ಕುಟುಕುವ ಕೊಂಡಿ ಇಲ್ಲ. ಅದು ದವಡೆಯಿಂದ ಚರ್ಮ ಕಚ್ಚಿ, ಹೊಟ್ಟೆ ಬಗ್ಗಿಸಿ ಆಮ್ಲ ಚಿಮ್ಮುತ್ತದೆ. ಆಮೇಲೆ ಉರಿ. ಬುಲ್ ಆಂಟ್‌ಗೆ ಹಿಂದೆ ಕಣಜದ ಥರದ ಕೊಂಡಿ ಇದೆ. ದವಡೆಯಲ್ಲಿ ಹಿಡಿದುಕೊಂಡು, ಹೊಟ್ಟೆ ಮುಂದಕ್ಕೆ ಮಡಚಿ, ಕೊಂಡಿ ಚುಚ್ಚಿ ವಿಷ ಇಳಿಸುತ್ತದೆ. ಜೇನುನೊಣದ ಕೊಂಡಿ ಚರ್ಮದಲ್ಲೇ ಸಿಕ್ಕಿಬೀಳುತ್ತದಲ್ಲ, ಇದರದ್ದು ಹಾಗಲ್ಲ. ನುಣುಪು. ಒಂದೇ ಇರುವೆ ಮತ್ತೆ ಮತ್ತೆ ಚುಚ್ಚಬಹುದು. ಹಳದಿ ದವಡೆ ನೋಡಿ ಎಲ್ಲರೂ ಹೆದರುತ್ತಾರೆ, ನೋವು ಬರುವುದು ಮಾತ್ರ ಹಿಂಬದಿಯಿಂದ.

ಚಗಳಿ ವಿಷಯ ಬಂತು ಅಂತ ಹೇಳುತ್ತೇನೆ, ಅದೇ ಜಾತಿ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲೂ ಇದೆ. ತೀರ್ಥಹಳ್ಳಿಯಲ್ಲಿ ಕೆಂಪು, ಇಲ್ಲಿ ಹೊಟ್ಟೆ ಹಸಿರು. ಎಲೆ ಹೊಲಿದು ಗೂಡು ಕಟ್ಟುವುದು ಎರಡೂ ಕಡೆ ಒಂದೇ ರೀತಿ. ಬಣ್ಣ ನೋಡಿ ಜಾತಿ ಹೇಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ನೈಟ್ ಶಿಫ್ಟ್ · ಮೆಲ್ಬರ್ನ್

ನಾನು ನರ್ಸ್, ತುರ್ತು ವಿಭಾಗದಲ್ಲಿ ಕೆಲಸ. ಕಿಟಕಿಪಕ್ಕ ಅವರೇ, ಎಷ್ಟು ಹೆದರಬೇಕು ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ.

ಅಲರ್ಜಿ ಇಲ್ಲದವರಿಗೆ ಇದು ನೋವು, ಊತ, ತುರಿಕೆ. ಜೋರಾಗಿಯೇ ನೋಯುತ್ತದೆ, ಕೆಲವರಿಗೆ ಊತ ಒಂದೆರಡು ದಿನ ಇಳಿಯುವುದಿಲ್ಲ. ಮೊದಲು ಗೂಡಿನಿಂದ ದೂರ ಹೋಗಿ. ಬಟ್ಟೆಯೊಳಗೆ ಇನ್ನೊಂದು ಇದೆಯಾ ನೋಡಿ. ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ತುರಿಕೆ ಜಾಸ್ತಿಯಾದರೆ ಅಲರ್ಜಿ ಮಾತ್ರೆ ಬಗ್ಗೆ ಫಾರ್ಮಸಿಯಲ್ಲಿ ಕೇಳಿ, ಮಗುವಿಗಾದರೆ ವಯಸ್ಸು, ತೂಕ ಹೇಳಿಯೇ ತೆಗೆದುಕೊಳ್ಳಿ. ಸುಣ್ಣ, ಅರಿಶಿನ, ಟೂತ್‌ಪೇಸ್ಟ್ ಹಚ್ಚಿಕೊಂಡು ಬರುವವರನ್ನು ನೋಡಿದ್ದೇನೆ. ಅದರಿಂದ ಆಗುವ ಉಪಕಾರ ಏನೂ ಇಲ್ಲ, ನಮಗೆ ಚರ್ಮ ನೋಡುವುದಕ್ಕೆ ಕಷ್ಟ ಅಷ್ಟೇ.

ಅಲರ್ಜಿ ಇದ್ದವರ ಕಥೆ ಬೇರೆ. ಕುಟುಕಿದ ಜಾಗ ಬಿಟ್ಟು ಮೈಯೆಲ್ಲ ದದ್ದು ಎದ್ದರೆ, ಮುಖ ನಾಲಗೆ ಊದಿಕೊಂಡರೆ, ಉಸಿರು ಕಟ್ಟಿದ ಹಾಗಾದರೆ, ಧ್ವನಿ ಬದಲಾದರೆ, ತಲೆ ಸುತ್ತಿ ಕುಸಿದರೆ ತಡ ಮಾಡಬಾರದು. ಮಲಗಿಸಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಎದ್ದು ನಿಲ್ಲಲು, ನಡೆದು ಕಾರಿಗೆ ಹೋಗಲು ಬಿಡಬೇಡಿ. ಅಡ್ರಿನಲಿನ್ ಪೆನ್ (ತೀವ್ರ ಅಲರ್ಜಿಗೆ ಕೊಡುವ ಇಂಜೆಕ್ಷನ್) ಇದ್ದರೆ ತೊಡೆಗೆ ಚುಚ್ಚಿ, ತುರ್ತು ನಂಬರ್ 000ಗೆ ಫೋನ್ ಮಾಡಿ. ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತಾ ಕೂರುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಸಾಧಾರಣ ಕುಟುಕಿಗೆ ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ 13 11 26ಕ್ಕೆ ಮಾಡಿ, ಅದು ದೇಶಕ್ಕೆಲ್ಲ ಒಂದೇ ವಿಷ ಮಾಹಿತಿ ನಂಬರ್.

ಮಗನಿಗೆ ಸದ್ಯಕ್ಕೆ ಬೇಕಾದ ಔಷಧಿ ಚಪ್ಪಲಿ. ಬೂಟು ಇನ್ನೂ ಒಳ್ಳೆಯದು.

ಕಿಟಕಿಪಕ್ಕ · ಸಿಡ್ನಿ

ಥ್ಯಾಂಕ್ಸ್ ಸಿಸ್ಟರ್. ಚಪ್ಪಲಿ ಹಾಕಿಸುವುದೇ ನಮ್ಮ ಮನೆಯ ದೊಡ್ಡ ಯುದ್ಧ. ಫೋಟೋ ಹಾಕಿದ್ದೇನೆ, ನೋಡಿ ಹೇಳಿ. ಅದು ಮನೆಯ ಕಡೆ ತಲೆ ಮಾಡಿ ನಿಂತಾಗ ಮೇಲಿನಿಂದ ತೆಗೆದದ್ದು.

ಬೇಲಿ ಬುಡದಲ್ಲಿ ಒಂದು ಒಣ ಮರದ ತುಂಡಿದೆ. ಅದರ ಅಡಿಯಿಂದ ಬಂದು ಹೋಗುತ್ತವೆ. ಅಲ್ಲೇ ಗೂಡು ಇರಬೇಕು.

ಗೊದ್ದ · ಬ್ರಿಸ್ಬೇನ್

ಫೋಟೋ ಚೆನ್ನಾಗಿದೆ. ಗುಲೋಸಾನೇ.

ಉಳಿದವರಿಗೂ ಅನುಕೂಲ ಆಗಲಿ ಅಂತ ಈ ಫೋಟೋ ಇಟ್ಟುಕೊಂಡೇ ಹೇಳುತ್ತೇನೆ. ಮೊದಲು ಸೊಂಟ ನೋಡಿ. ಎದೆಗೂ ಹೊಟ್ಟೆಗೂ ನಡುವೆ ಒಂದಲ್ಲ, ಎರಡು ಗಂಟು ಕಾಣುತ್ತವೆ. ಬುಲ್ ಆಂಟ್‌ಗಳಿಗೆಲ್ಲ ಹೀಗೇ. ಆಮೇಲೆ ಕಣ್ಣು. ತಲೆಯ ಎರಡೂ ಪಕ್ಕ, ದವಡೆಯ ಬುಡಕ್ಕೆ ಹತ್ತಿರ, ದಪ್ಪ ದಪ್ಪ ಕಣ್ಣು. ಹೆಚ್ಚಿನ ಇರುವೆಗಳ ಕಣ್ಣು ಸಣ್ಣ ಚುಕ್ಕೆ ಅಷ್ಟೇ, ಇವಕ್ಕೆ ನಿಜವಾಗಿ ಕಾಣಿಸುತ್ತದೆ. ನೀವು ಸರಿದ ಕಡೆ ಅದು ತಿರುಗಿದ್ದು ಅದಕ್ಕೇ. ಒಂದು ಮೀಟರ್ ದೂರದಲ್ಲಿ ಓಡಾಡುವುದನ್ನು ಗಮನಿಸುತ್ತದೆ. ದವಡೆ ಉದ್ದ, ಹೆಚ್ಚು ಕಡಿಮೆ ನೇರ, ಒಳಬದಿಗೆ ಗರಗಸದ ಹಾಗೆ ಹಲ್ಲು. ಇಷ್ಟಿದ್ದರೆ ಕುಲ ಖಾತ್ರಿ.

ಈಗ ಜಾತಿ. ಇಲ್ಲಿ ತಲೆಯ ಬಣ್ಣ, ಹೊಟ್ಟೆಯ ಬಣ್ಣ ಬೇರೆ ಬೇರೆಯಾಗಿ ನೋಡಬೇಕು. ತಲೆ ಕೆಂಪು, ಎದೆ ಕೆಂಪು, ಹೊಟ್ಟೆಯ ಹಿಂಬದಿ ಮಾತ್ರ ಕಪ್ಪು, ಜಾಗ ಸಿಡ್ನಿ, ಆಗ ಗುಲೋಸಾ. ತಲೆಯೂ ಕಪ್ಪು, ಹೊಟ್ಟೆಯೂ ಕಪ್ಪು, ನಡುವೆ ಮಾತ್ರ ಕೆಂಗಂದು ಅಂದರೆ ನೈಗ್ರಿಸೆಪ್ಸ್. ಮೈ ಪೂರ್ತಿ ನೀಲಿ ಛಾಯೆಯ ಕಪ್ಪು, ಹೊಟ್ಟೆಯ ತುದಿ ಮಾತ್ರ ಕಿತ್ತಳೆ ಅದ್ದಿದ ಹಾಗಿದ್ದರೆ ಟಾರ್ಸಾಟಾ. ಅದೂ ನಿಮ್ಮ ಕಡೆ ಸಿಗುತ್ತದೆ, ನೋಡಲು ಭಾರೀ ಚೆಂದ. ಕೆಂಪು ಮೈಯಲ್ಲಿ ಕಪ್ಪು ಪಟ್ಟಿ, ಅಳತೆ ಸ್ವಲ್ಪ ಚಿಕ್ಕದು, ಗಾಬರಿಯಾದರೆ ಕುಪ್ಪಳಿಸಿಕೊಂಡು ಹೋಗುತ್ತದೆ ಅಂದರೆ ನೈಗ್ರೋಸಿಂಕ್ಟಾ. ಇನ್ನು ಕುಲದಲ್ಲೇ ದೊಡ್ಡದು ಬ್ರೆವಿನೋಡಾ. ಅದರ ಕೆಲಸಗಾರ ಇರುವೆ 37 ಮಿಲಿಮೀಟರ್ ತನಕ ಬೆಳೆಯುತ್ತದೆ. ಬೆಂಕಿಪೊಟ್ಟಣದ ಮೇಲೆ ಇಟ್ಟರೆ ಅರ್ಧಕ್ಕಿಂತ ಜಾಸ್ತಿ ಉದ್ದ ಅದೇ.

ನೀವು ನೋಡಿದ ದೊಡ್ಡ ತಲೆಬರಹ ಇದರ ಬಗ್ಗೆ ಅಲ್ಲ. ಗಿನ್ನೆಸ್‌ನವರು ಅಪಾಯಕಾರಿ ಅಂದಿರುವುದು ಪೈರಿಫಾರ್ಮಿಸ್ ಅನ್ನುವ ಇನ್ನೊಂದು ಜಾತಿಯನ್ನು. ಆಗ್ನೇಯ ಭಾಗದ್ದು, ಕಂದು ಮೈ, ಕಪ್ಪು ಹೊಟ್ಟೆ, ಸಂಜೆ ಮೇಲೆ ಹೊರಗೆ ಬರುವ ಪ್ರಾಣಿ. 1936ರಿಂದ ಈಚೆಗೆ ಮೂರು ಸಾವು ಅದರ ಲೆಕ್ಕಕ್ಕೆ ಬರೆದಿದ್ದಾರೆ. ಸುದ್ದಿಯವರಿಗೆ ಬುಲ್ ಆಂಟ್ ಎಲ್ಲ ಒಂದೇ. ಒಂದರ ಹೆಸರು, ಇನ್ನೊಂದರ ಫೋಟೋ, ಮೂರನೆಯದರ ಅಳತೆ ಸೇರಿಸಿ ಒಗ್ಗರಣೆ ಹಾಕುತ್ತಾರೆ.

ಜ್ಯಾಕ್ ಜಂಪರ್ · ಹೋಬಾರ್ಟ್

ಹೆಸರಿಗೆ ತಕ್ಕಂತೆ ನಾನು ಬರಲೇಬೇಕಲ್ಲ. ಟಾಸ್ಮೇನಿಯಾದಲ್ಲಿ ನಾವು ಭಯಪಡುವುದು ದೊಡ್ಡ ಬುಲ್ ಆಂಟ್‌ಗಲ್ಲ. ಅದಕ್ಕೆ ಇಲ್ಲಿ ಇಂಚ್‌ಮ್ಯಾನ್ ಅನ್ನುತ್ತಾರೆ. ಭಯ ಇರೋದು ಚಿಕ್ಕದಕ್ಕೆ, ಜ್ಯಾಕ್ ಜಂಪರ್ ಅನ್ನುವ ಮಿರ್ಮೀಸಿಯಾ ಪೈಲೋಸುಲಾಕ್ಕೆ. ಉದ್ದ ಒಂದು ಸೆಂಟಿಮೀಟರ್ ಚಿಲ್ಲರೆ. ಮೈ ಕಪ್ಪು, ಕಾಲು, ದವಡೆ ಕಿತ್ತಳೆ ಹಳದಿ. ನೆಟ್ಟಗೆ ನಡೆಯುವುದೇ ಇಲ್ಲ. ಕೆರಳಿದರೆ ಚಿಮ್ಮಿ ಚಿಮ್ಮಿ ಬರುತ್ತದೆ. ಗೂಡಿನ ಮೇಲೆ ಸಣ್ಣ ಸಣ್ಣ ಜಲ್ಲಿಕಲ್ಲು ಹರಡಿಕೊಂಡಿರುತ್ತದೆ, ಅದನ್ನು ನೋಡಿ ಪತ್ತೆ ಹಚ್ಚಬೇಕು.

ಇಲ್ಲಿಯ ಜನರಲ್ಲಿ ನೂರಕ್ಕೆ ಮೂರು ಮಂದಿಗೆ ಇದರ ವಿಷಕ್ಕೆ ತೀವ್ರ ಅಲರ್ಜಿ ಅಂತ ಅಂದಾಜು. 1980ರಿಂದ 1999ರ ನಡುವೆ ಟಾಸ್ಮೇನಿಯಾ ಒಂದರಲ್ಲೇ ಕನಿಷ್ಠ ನಾಲ್ಕು ಜನ ಸತ್ತಿದ್ದಾರೆ. ಅದಕ್ಕೇ ಹೋಬಾರ್ಟ್‌ನ ವೈದ್ಯರು ವಿಷವನ್ನೇ ಚೂರು ಚೂರು ಚುಚ್ಚಿ ಮೈಗೆ ಒಗ್ಗಿಸುವ ಚಿಕಿತ್ಸೆ ಮಾಡಿದರು. ಆ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ರಾಯಲ್ ಹೋಬಾರ್ಟ್ ಆಸ್ಪತ್ರೆಯಲ್ಲಿ ಈಗಲೂ ಕೊಡುತ್ತಾರೆ. ಇದಕ್ಕೆ ವಿಷ ಬೇಕಲ್ಲ, ಇರುವೆಗಳನ್ನು ಹಿಡಿದು ವಿಷದ ಚೀಲ ಬಿಡಿಸಿ ತೆಗೆಯಬೇಕು. ಯಾರಪ್ಪ ಆ ಕೆಲಸ ಮಾಡೋರು ಅಂತ ನಾನು ಯಾವಾಗಲೂ ಯೋಚಿಸುತ್ತೇನೆ.

ಹಾಗಾಗಿ ದೊಡ್ಡದು ಅಂದರೆ ಹೆಚ್ಚು ಅಪಾಯ, ಚಿಕ್ಕದು ಅಂದರೆ ಪರವಾಗಿಲ್ಲ ಅನ್ನುವ ಲೆಕ್ಕ ಈ ಕುಲದಲ್ಲಿ ನಡೆಯುವುದಿಲ್ಲ. ಇದು ಟಾಸ್ಮೇನಿಯಾ ಅಲ್ಲದೆ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಕಡೆಯೂ ಇದೆ.

ಬಯಾಲಜಿ ಮೇಷ್ಟ್ರು · ಹಾಸನ

ಜ್ಯಾಕ್ ಜಂಪರ್ ಸುದ್ದಿ ಬಂತು ಅಂತ ಒಂದು ಮಾತು ಸೇರಿಸುತ್ತೇನೆ. ಇದು ನನ್ನ ಮಕ್ಕಳು ಪ್ರತಿ ವರ್ಷ ನಂಬದೇ ಇರುವ ವಿಷಯ. ಮನುಷ್ಯರಿಗೆ 46 ಕ್ರೋಮೋಸೋಮ್. ಈ ಪೈಲೋಸುಲಾ ಗುಂಪಿನ ಒಂದು ಇರುವೆಗೆ ಎರಡೇ ಎರಡು, ಅಂದರೆ ಒಂದು ಜೊತೆ. ಇರುವೆಗಳಲ್ಲಿ ಗಂಡು ಹುಟ್ಟುವುದು ಫಲಿಸದ ಮೊಟ್ಟೆಯಿಂದ, ಹಾಗಾಗಿ ಅದಕ್ಕೆ ಅರ್ಧ ಪಾಲು. ಅಲ್ಲಿಗೆ ಆ ಗಂಡಿರುವೆಯ ಜೀವಕೋಶದಲ್ಲಿ ಇರುವುದು ಒಂದೇ ಕ್ರೋಮೋಸೋಮ್! ಅದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಅಲ್ವಾ. ಕ್ರಾಸ್‌ಲ್ಯಾಂಡ್, ಕ್ರೋಜಿಯರ್ ಅನ್ನುವವರು 1986ರಲ್ಲಿ ಕ್ಯಾನ್‌ಬೆರಾ ಹತ್ತಿರದ ಗೂಡಿನಲ್ಲಿ ಕಂಡರು. ಆಮೇಲೆ ಆ ಜಾತಿಯನ್ನು ಬೇರೆ ಮಾಡಿ ಮಿರ್ಮೀಸಿಯಾ ಕ್ರಾಸ್‌ಲ್ಯಾಂಡಿ ಅಂತ ಹೆಸರಿಟ್ಟರು. ನೋಡಲು ಪೈಲೋಸುಲಾಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ. ಬಣ್ಣ, ಅಳತೆ ಎಷ್ಟು ನೋಡಿದರೂ ಕೆಲವೊಮ್ಮೆ ಸಾಲದು.

ಕೆರೆ ಏರಿ · ಸಿಡ್ನಿ

ಇಷ್ಟೆಲ್ಲ ಯಾಕೆ. ಸಂಜೆ ಹೊತ್ತು ಒಂದು ಕೊಡ ಕುದಿಯೋ ನೀರು ಸುರೀರಿ, ಕಥೆ ಮುಗೀತು. ನಮ್ಮ ಮನೇಲಿ ಕಪ್ಪಿರುವೆಗೆ ಅದನ್ನೇ ಮಾಡೋದು.

ಗೊದ್ದ · ಬ್ರಿಸ್ಬೇನ್

ಕೆರೆ ಏರಿ ಸರ್, ದಯವಿಟ್ಟು ಬೇಡ. ಕುದಿಯುವ ನೀರಿನ ಪಾತ್ರೆ ಹಿಡಿದು ಬುಲ್ ಆಂಟ್ ಗೂಡಿನ ಬಾಯಿಯ ಹತ್ತಿರ ಬಗ್ಗಿ ನಿಲ್ಲುವುದು ಎಷ್ಟು ದೊಡ್ಡ ಪೆದ್ದತನ ಅಂತ ಒಮ್ಮೆ ಕಲ್ಪಿಸಿಕೊಳ್ಳಿ. ಮೇಲಿನ ನೆಲ ತುಳಿದು ಅದುರಿಸಿದರೆ ಸಾಕು, ಕಾವಲಿನವು ಹೊರಗೆ ಬರುತ್ತವೆ. ರಾಣಿ, ಮರಿಹುಳುಗಳು ಇರುವುದು ಒಳಗೆ, ಆಳದಲ್ಲಿ. ನೀರು ಅಲ್ಲಿಗೆ ಹೋಗುವಷ್ಟರಲ್ಲಿ ಬಿಸಿ ಆರಿರುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಗೂಡು ಮಗು ಆಡುವ ಜಾಗದ ನಡುವೆ ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇರುವುದು ಗೊತ್ತಿದ್ದರೆ, ಕೀಟ ನಿಯಂತ್ರಣದವರನ್ನು ಕರೆಸಿ. ಬೇಲಿ ಬುಡದಲ್ಲಿ, ಆ ಮರದ ತುಂಡಿನ ಅಡಿಯಲ್ಲಿ ಇದ್ದರೆ ಬಿಟ್ಟುಬಿಡಿ. ಬಟ್ಟೆ ಒಣಹಾಕುವ ತಂತಿಯನ್ನು ಆಚೆ ಸರಿಸಿ. ಕಾಡಿನ ಅಂಚಿನ ಮನೆಯಲ್ಲಿ ಈ ಗೂಡು ಹೋದರೆ ಇನ್ನೊಂದು ರಾಣಿ ಬಂದು ಹೊಸದು ಶುರು ಮಾಡುವುದಿಲ್ಲ ಅಂತ ಏನು ಗ್ಯಾರಂಟಿ?

ಅಂದ ಹಾಗೆ ಈ ಕುಲದ ರಾಣಿ ಹೊಸ ಗೂಡು ಮಾಡುವ ರೀತಿ ನೋಡಿ. ನಾವು ಸಾಮಾನ್ಯವಾಗಿ ಕೇಳುವ ಕಥೆ ಏನು? ರಾಣಿ ರೆಕ್ಕೆ ಉದುರಿಸಿಕೊಂಡು ಮಣ್ಣೊಳಗೆ ಬಾಗಿಲು ಹಾಕಿಕೊಂಡು, ತನ್ನ ಮೈಯ ಕೊಬ್ಬು ಕರಗಿಸಿ ಮೊದಲ ಮರಿಗಳನ್ನು ಸಾಕುತ್ತದೆ. ಬುಲ್ ಆಂಟ್ ರಾಣಿ ಹಾಗೆ ಕೂರುವುದಿಲ್ಲ. ತಾನೇ ಹೊರಗೆ ಹೋಗಿ ಬೇಟೆ ಆಡಿ ತರುತ್ತದೆ. ನಿಮ್ಮ ಅಂಗಳದಲ್ಲಿ ಒಂಟಿಯಾಗಿ ಓಡಾಡುವ ದೊಡ್ಡದೊಂದು ಕಂಡರೆ, ಎದೆ ಉಳಿದವುಗಳಿಗಿಂತ ದಪ್ಪ ಇದ್ದರೆ, ಅದು ರಾಣಿಯೇ ಇರಬಹುದು.

ಕಿಟಕಿಪಕ್ಕ · ಸಿಡ್ನಿ

ಕುದಿಯೋ ನೀರು ನನ್ನಿಂದಾಗುವ ಕೆಲಸವೇ ಅಲ್ಲ. ಗೂಡು ಆಟದ ಜಾಗದಿಂದ ದೂರವೇ ಇದೆ, ತಂತಿಯನ್ನೇ ಬದಲಾಯಿಸುತ್ತೇವೆ.

ಇನ್ನೊಂದು ಅನುಮಾನ. ಇವು ತಿನ್ನುವುದೇನು? ಅಡುಗೆಮನೆಗೆ ಬರುತ್ತವಾ? ಸಕ್ಕರೆ ಡಬ್ಬಿಯ ಚಿಂತೆ ನನಗೆ.

ಗೊದ್ದ · ಬ್ರಿಸ್ಬೇನ್

ಅಡುಗೆಮನೆಗೆ ಸಾಲುಗಟ್ಟಿ ಬರುವುದಿಲ್ಲ. ಇವಕ್ಕೆ ವಾಸನೆಯ ದಾರಿ ಹಾಕಿ ನೂರು ಜನರನ್ನು ಕರೆತರುವ ಅಭ್ಯಾಸವೇ ಇಲ್ಲ. ಪ್ರತಿಯೊಂದೂ ತನ್ನ ಪಾಡಿಗೆ ತಾನು ಹೋಗಿ, ಹುಡುಕಿ, ಹಿಡಿದು ತರುತ್ತದೆ. ದೊಡ್ಡವು ಕುಡಿಯುವುದು ಹೂವಿನ ಮಕರಂದ, ಗಿಡದ ರಸ, ಸಸ್ಯಹೇನುಗಳು ಬಿಡುವ ಸಿಹಿ ಅಂಟು. ಬೇಟೆಯಾಡಿ ತರುವ ಜೇನುನೊಣ, ಜೇಡ, ಬೇರೆ ಇರುವೆ ಎಲ್ಲ ಮರಿಹುಳುಗಳಿಗೆ. ಮಾಂಸಾಹಾರ ಮಕ್ಕಳಿಗೆ, ಸಿಹಿ ದೊಡ್ಡವರಿಗೆ.

ಗುಲೋಸಾ ಗೂಡಿನ ಒಳಗಿನ ಒಂದು ವಿಚಿತ್ರ ಹೇಳುತ್ತೇನೆ. ಕೆಲಸಗಾರ ಇರುವೆಗಳೂ ಮೊಟ್ಟೆ ಇಡುತ್ತವೆ. ಆದರೆ ಅದು ಮರಿಯಾಗುವ ಮೊಟ್ಟೆ ಅಲ್ಲ, ತಿನ್ನಲೆಂದೇ ಇಡುವ ಮೊಟ್ಟೆ. ಯಾವುದಾದರೂ ಒಂದು ಕೆಲಸಗಾರ ನಿಜವಾದ ಮೊಟ್ಟೆ ಇಡಲು ಹೊರಟರೆ ಅದರ ಮೈಮೇಲಿನ ಮೇಣದಂಥ ಲೇಪದ ವಾಸನೆ ಬದಲಾಗುತ್ತದೆ. ಉಳಿದವು ಅದನ್ನು ಮೂಸಿ ಪತ್ತೆ ಹಚ್ಚಿ, ಕಾಲು ಮೀಸೆ ಹಿಡಿದು ಅಲ್ಲಾಡದ ಹಾಗೆ ಮಾಡುತ್ತವೆ. ರಾಣಿಯ ವಾಸನೆ ಹೇಗಿರುತ್ತದೆ, ಕೆಲಸಗಾರರದ್ದು ಹೇಗಿರುತ್ತದೆ ಅನ್ನುವುದನ್ನು ಇದೇ ಜಾತಿ ಇಟ್ಟುಕೊಂಡು 2003ರಲ್ಲಿ ತೋರಿಸಿದ್ದಾರೆ.

ಬಯಾಲಜಿ ಮೇಷ್ಟ್ರು · ಹಾಸನ

ಇದರ ವಿಷದ ಮೇಲೂ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಕೆಲಸ ಮಾಡಿದ್ದಾರಲ್ಲ?

ಗೊದ್ದ · ಬ್ರಿಸ್ಬೇನ್

ಹೌದು ಮೇಷ್ಟ್ರೇ, ಅದೂ ಗುಲೋಸಾದ ಮೇಲೇ. 2018ರಲ್ಲಿ ವಿಷದೊಳಗಿನ ಪದಾರ್ಥಗಳ ಪಟ್ಟಿ ಮಾಡಿದರು. ಆಮೇಲೆ 2022ರಲ್ಲಿ ಬಂದದ್ದು ಇನ್ನೂ ಸೋಜಿಗ. ನಮ್ಮ ಮೈಯಲ್ಲಿ, ಬೇರೆ ಸಸ್ತನಿಗಳ ಮೈಯಲ್ಲಿ ಇಜಿಎಫ್ ಅನ್ನುವ ಹಾರ್ಮೋನು ಇದೆ, ಜೀವಕೋಶಗಳಿಗೆ ಬೆಳೆಯಿರಿ ಅಂತ ಸೂಚನೆ ಕೊಡುವಂಥದ್ದು. ಈ ಇರುವೆಯ ವಿಷದಲ್ಲಿ ಅದನ್ನೇ ಹೋಲುವ ಒಂದು ಪದಾರ್ಥ ಸಿಕ್ಕಿತು. ಅದು ಮೈಗೆ ಸೇರಿದರೆ ಆ ಜಾಗ ಬಹಳ ಹೊತ್ತು ಮುಟ್ಟಿದರೆ ನೋಯುವ ಹಾಗಾಗುತ್ತದೆ. ಕೀಟ ಹಿಡಿಯಲು ಇಂಥದ್ದು ಬೇಕಾಗಿಲ್ಲ. ಗೂಡು ಅಗೆದು ತಿನ್ನಲು ಬರುವ ಎಕಿಡ್ನಾದಂಥ ಸಸ್ತನಿಗಳಿಗೆ ಇಟ್ಟ ಅಸ್ತ್ರ ಅಂತ ಅವರ ವಾದ. ಮೈತುಂಬ ಮುಳ್ಳಿರುವ, ಉದ್ದ ಮೂತಿಯ ಆ ಪ್ರಾಣಿಯ ಮೂತಿಯನ್ನು ನೋಡಿದವರಿಗೆ ಈ ವಾದ ಒಪ್ಪಿಗೆಯಾಗುತ್ತದೆ, ಚುಚ್ಚಲು ಸಿಗುವ ಮೆತ್ತನೆ ಜಾಗ ಅದು.

ಎಕಿಡ್ನಾ ಬಿಟ್ಟರೆ ಕುರುಡು ಹಾವು. ಎರೆಹುಳುವಿನ ಅಣ್ಣನ ಹಾಗಿರುವ ಹಾವು. ಬುಲ್ ಆಂಟ್ ಗೂಡಿನೊಳಗೆ ನುಗ್ಗಿ ಮರಿಹುಳು, ಕೋಶಗಳನ್ನು ನುಂಗುತ್ತದೆ. ನುಣ್ಣನೆಯ ಗಟ್ಟಿ ಪೊರೆ ಇರುವುದರಿಂದ ಕೊಂಡಿ ನಾಟುವುದು ಕಷ್ಟ.

ಮಲ್ನಾಡ್ ಗಾಳಿ · ತೀರ್ಥಹಳ್ಳಿ

ನಮ್ಮ ಕಡೆ ಕಾಡಲ್ಲಿ ಒಂದು ಇರುವೆ ಇದೆ. ಉದ್ದ ದವಡೆ, ದಪ್ಪ ಕಣ್ಣು, ಹತ್ತಿರ ಹೋದರೆ ಟಣ್ ಅಂತ ಹಾರುತ್ತದೆ. ನೀವು ಹೇಳಿದ ಎಲ್ಲ ಲಕ್ಷಣ ಇದೆ. ಹಾಗಾದರೆ ಬುಲ್ ಆಂಟ್ ನಮ್ಮಲ್ಲೂ ಇದೆ ಅಂತಾಯ್ತಲ್ಲ?

ಗೊದ್ದ · ಬ್ರಿಸ್ಬೇನ್

ನೀವು ನೋಡಿದ್ದು ಹಾರ್ಪೆಗ್ನಾಥೋಸ್ ಸಾಲ್ಟೇಟರ್ ಇರಬೇಕು. ಪಶ್ಚಿಮ ಘಟ್ಟದಲ್ಲಿ ಸಿಗುತ್ತದೆ. ನೋಡಲು ಅಣ್ಣ ತಮ್ಮ ಅನ್ನಿಸಿದರೂ ಹತ್ತಿರದ ನೆಂಟಸ್ತಿಕೆ ಇಲ್ಲ. ಕಣ್ಣಿಟ್ಟು ನೋಡಿ ಹಾರಿ ಬೇಟೆಯಾಡುವ ಬದುಕಿಗೆ ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದಿವೆ. ಸೊಂಟ ನೋಡಿ, ಅದಕ್ಕೆ ಒಂದೇ ಗಂಟು. ದವಡೆಯೂ ತುದಿಯಲ್ಲಿ ಮೇಲಕ್ಕೆ ಬಾಗಿರುತ್ತದೆ. ಬುಲ್ ಆಂಟ್ ಭಾರತದಲ್ಲಿ ಇಲ್ಲ.

ಆದರೆ ಭಾರತಕ್ಕೂ ಇವಕ್ಕೂ ಒಂದು ಕೊಂಡಿ ಇದೆ, ಕುಟುಕದ ಕೊಂಡಿ. ದಕ್ಷಿಣ ಭಾರತದ ಇರುವೆಗಳಿಗೆ ಕೈಪಿಡಿ ಬರೆದ ಇಬ್ಬರಲ್ಲಿ ಒಬ್ಬರಾದ ಅಜಯ್ ನರೇಂದ್ರ ಅವರು ಆಮೇಲೆ ಆಸ್ಟ್ರೇಲಿಯಾಕ್ಕೆ ಬಂದು ಬುಲ್ ಆಂಟ್ ಕಣ್ಣು, ದಾರಿ ಹುಡುಕುವ ರೀತಿ ಇದರ ಮೇಲೇ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಸಿಡ್ನಿಯ ಮಕ್ವಾರಿ ವಿಶ್ವವಿದ್ಯಾಲಯದಲ್ಲಿದ್ದಾರೆ. ಕ್ಯಾನ್‌ಬೆರಾದ ಪೈರಿಫಾರ್ಮಿಸ್ ಗೂಡುಗಳಲ್ಲಿ ನೋಡಿದ್ದು ಹೀಗೆ: ಹೊತ್ತು ಮುಳುಗಿ ಮಬ್ಬು ಕವಿಯುವ ಸ್ವಲ್ಪ ಹೊತ್ತಿನಲ್ಲೇ ಒಂದೊಂದಾಗಿ ಹೊರಟು, ಗೊತ್ತಿರುವ ನೀಲಗಿರಿ ಮರ ಹತ್ತುತ್ತವೆ. ಹೆಚ್ಚಿನವು ವಾ‍ಪಸ್ ಬರುವುದು ಬೆಳಗಿನ ಮಬ್ಬಿನಲ್ಲಿ. ದಾರಿಗೆ ಗುರುತು ಸುತ್ತಲಿನ ಮರಗಳ ನೋಟ. ಒಂದು ಗೂಡಿನ ಹತ್ತಿರ ಮೂರು ಮರ ತೆಗೆದಾಗ ಏನಾಯಿತು ಗೊತ್ತಾ? ಇರುವೆಗಳು ನೇರ ಹೋಗುವುದು ಬಿಟ್ಟು ಸುತ್ತಾಡಿದವು, ನಿಂತು ನಿಂತು ನೋಡಿದವು, ಎಷ್ಟೋ ಅರ್ಧಕ್ಕೇ ತಿರುಗಿದವು. ನಮ್ಮೂರ ಬಸ್ ಸ್ಟ್ಯಾಂಡ್ ಒಡೆದುಹಾಕಿದಾಗ ನಮಗೂ ಹಾಗೇ ಆಗಿತ್ತು ಬಿಡಿ.

ಒಣಭೂಮಿ · ಅಡಿಲೇಡ್

ಇಷ್ಟು ಮಾತಾಡಿ ನಮ್ಮ ರಾಜ್ಯದ ಹೆಮ್ಮೆಯ ಇರುವೆಯನ್ನು ಯಾರೂ ನೆನೆಯಲಿಲ್ಲವಲ್ಲ. ಬುಲ್ ಆಂಟ್‌ಗಳ ಹತ್ತಿರದ ನೆಂಟ ಒಂದು ಇದೆ, ನೋಥೋಮಿರ್ಮೀಸಿಯಾ ಮ್ಯಾಕ್ರಾಪ್ಸ್. ಜೇನು ಹಳದಿ ಬಣ್ಣ, ದೊಡ್ಡ ಕಣ್ಣು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1931ರಲ್ಲಿ ಕೀಟ ಹಿಡಿಯುತ್ತಾ ಹೋದವರ ಡಬ್ಬಿಯಲ್ಲಿ ಇದೂ ಸಿಕ್ಕಿತ್ತು. ಜಾನ್ ಕ್ಲಾರ್ಕ್ 1934ರಲ್ಲಿ ಹೆಸರಿಟ್ಟರು. ಆಮೇಲೆ ದಶಕಗಳ ಕಾಲ ಯಾರಿಗೂ ಸಿಗಲಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ಹೋಗಿ ಹುಡುಕಿ ಬರಿಗೈಲಿ ಬಂದರು.

1977ರಲ್ಲಿ ಕ್ಯಾನ್‌ಬೆರಾದ ರಾಬರ್ಟ್ ಟೇಲರ್ ತಂಡ ಮತ್ತೆ ಪಶ್ಚಿಮಕ್ಕೆ ಹೊರಟಿತ್ತು. ದಾರಿಯಲ್ಲಿ ಗಾಡಿ ತೊಂದರೆ ಕೊಟ್ಟು ದಕ್ಷಿಣ ಆಸ್ಟ್ರೇಲಿಯಾದ ಪೂಚೇರಾ ಅನ್ನುವ ಪುಟ್ಟ ಊರಲ್ಲಿ ರಾತ್ರಿ ತಂಗಿದರು. ಚಳಿ ಇತ್ತು. ಟೇಲರ್ ಟಾರ್ಚ್ ಹಿಡಿದು ಸುಮ್ನೆ ಮರಗಳ ಕಡೆ ಹೋದರೆ ಅಲ್ಲೇ ಸಿಕ್ಕಿತು. ಅಂದುಕೊಂಡ ಜಾಗಕ್ಕಿಂತ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಪೂರ್ವಕ್ಕೆ! ಈ ಇರುವೆ ಹೊರಗೆ ಬರುವುದೇ ಚಳಿ ರಾತ್ರಿಗಳಲ್ಲಿ, ಅದಕ್ಕೇ ಹಗಲು ಹುಡುಕಿದವರಿಗೆ ಸಿಕ್ಕಿರಲಿಲ್ಲ. ಪೂಚೇರಾಗೆ ಹೋದರೆ ರಸ್ತೆ ಮೇಲೂ ಇರುವೆ ಚಿತ್ರ ಬಿಡಿಸಿಟ್ಟಿದ್ದಾರೆ.

ಕೆರೆ ಏರಿ · ಸಿಡ್ನಿ

ಸರಿ, ಕುದಿಯೋ ನೀರು ವಾಪಸ್. ಆದರೆ ನನ್ನ ತಮ್ಮ ಆಕ್ಲೆಂಡ್‌ನಲ್ಲಿದ್ದಾನೆ, ಅವರ ಆಫೀಸಿನಲ್ಲಿ ಯಾರೋ ಅಲ್ಲೂ ಬುಲ್ ಆಂಟ್ ಇದ್ದವು ಅಂದರಂತೆ. ನ್ಯೂಜಿಲೆಂಡಿನಲ್ಲಿ ಇಂಥದ್ದೆಲ್ಲ ಇಲ್ಲ ಅಂತಲ್ವಾ ಹೇಳೋದು?

ಗೊದ್ದ · ಬ್ರಿಸ್ಬೇನ್

ಅಲ್ಲಿಯದ್ದಲ್ಲ, ಇಲ್ಲಿಂದ ಹೋದದ್ದು. ಬ್ರೆವಿನೋಡಾ ಜಾತಿ ಹೇಗೋ ಹಡಗಿನಲ್ಲಿ ಆಕ್ಲೆಂಡ್ ಸೇರಿ ಕೆಲವು ಕಾಲ ಕಂಡಿತ್ತು. ಗೂಡು ನಾಶ ಮಾಡಿದರು. 1981ರ ಮೇಲೆ ಅಲ್ಲಿ ಸುಳಿವಿಲ್ಲ.

ಪಡಸಾಲೆ · ಪರ್ತ್

ನಮ್ಮಲ್ಲೂ ಒಂದು ಇದೆ. ತಲೆ ಕಪ್ಪು, ಹೊಟ್ಟೆ ಕಪ್ಪು, ನಡುವಿನ ಭಾಗ ಕೆಂಗಂದು. ಇಷ್ಟು ದಿನ ಇದನ್ನೇ ರೆಡ್ ಬುಲ್ ಆಂಟ್ ಅಂದುಕೊಂಡಿದ್ದ ಗೆಳೆಯರು ಬಹಳ. ಮೇಲಿನ ವಿವರ ಓದಿದರೆ ಹಾಗಲ್ಲ ಅನ್ನಿಸುತ್ತಿದೆ.

ಗೊದ್ದ · ಬ್ರಿಸ್ಬೇನ್

ಗುಲೋಸಾ ಪರ್ತ್ ತನಕ ಇಲ್ಲ, ಅದು ಪೂರ್ವದ್ದು. ನೀವು ಹೇಳಿದ್ದು ನೈಗ್ರಿಸೆಪ್ಸ್ ಇರಬಹುದು, ಅದು ಪಶ್ಚಿಮದಲ್ಲೂ ಆಗ್ನೇಯದಲ್ಲೂ ಇದೆ. ನಿಮ್ಮ ಕಡೆ ಹೋಲುವ ಬೇರೆ ಜಾತಿಗಳೂ ಇರುವುದರಿಂದ ಮೇಲಿನಿಂದ ಒಂದು, ಪಕ್ಕದಿಂದ ಒಂದು, ತಲೆ ಮುಂದಿನಿಂದ ಒಂದು ಫೋಟೋ ತೆಗೆದು ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕಿ. ಬೆಳಗ್ಗೆ ಕಂಡದ್ದಾ, ರಾತ್ರಿ ಕಂಡದ್ದಾ ಬರೆಯಿರಿ. ಅಲ್ಲಿ ಈ ಕುಲ ಬಲ್ಲವರು ಇದ್ದಾರೆ. ಕಿಟಕಿಪಕ್ಕ ಮೇಡಂ, ನಿಮ್ಮ ಫೋಟೋನೂ ಹಾಕಿ.

ಕಿಟಕಿಪಕ್ಕ · ಸಿಡ್ನಿ

ಹಾಕಿದೆ. ಇಬ್ಬರು ಗುಲೋಸಾ ಅಂತ ಒಪ್ಪಿದ್ದಾರೆ. ತಂತಿ ಆಚೆ ಬದಿಗೆ ಹೋಯಿತು, ಮಗನಿಗೆ ಬೂಟು ಬಂತು. ಇರುವೆ ನೋಡಲು ಹೋಗುವುದಾದರೆ ಬೂಟು ಹಾಕಿಕೊಳ್ಳುತ್ತಾನಂತೆ, ಶಾಲೆಗೆ ಮಾತ್ರ ಬೇಡವಂತೆ.